ಮೊಟ್ಟೆ ಕಾಣುವ ಮೊದಲೇ ಕುರಿಯ ಯಕೃತ್ತಿನ ಹುಳು ಪತ್ತೆ ಹಚ್ಚುವುದು

ಹಿಕ್ಕೆಯಲ್ಲಿ ಮೊಟ್ಟೆ ಸಿಗಲಿಲ್ಲವೆಂದ ಮಾತ್ರಕ್ಕೆ ಮಂದೆಗೆ ಯಕೃತ್ತಿನ ಚಪ್ಪಟೆ ಹುಳು ತಗುಲಿಲ್ಲ ಎಂದುಕೊಳ್ಳಬೇಡಿ. ಜೌಗು ನೆಲದ ಹುಲ್ಲಿನ ಜೊತೆ ಒಳಸೇರಿದ ಮರಿಹುಳು ಕರುಳು ತೂರಿ ಯಕೃತ್ತಿಗೆ ಹೋಗಿ, ಅದನ್ನು ಕೊರೆಯುತ್ತ ವಾರಗಟ್ಟಲೆ ಅಲೆಯುತ್ತದೆ. ಪಿತ್ತನಾಳ ಸೇರಿ ಬಲಿತ ಮೇಲಷ್ಟೇ ಮೊಟ್ಟೆ ಇಡುತ್ತದೆ; ಈ ಹುಳುವಿನ ಎರಡು ಜಾತಿಗಳಲ್ಲಿ ಫ್ಯಾಸಿಯೋಲ ಹೆಪಾಟಿಕಕ್ಕೆ ಸುಮಾರು 10–12 ವಾರ ಬೇಕು, ಫ್ಯಾಸಿಯೋಲ ಜೈಗ್ಯಾಂಟಿಕಕ್ಕೆ ಇನ್ನೂ ಹೆಚ್ಚು. ಹುಳು ವಿಪರೀತವಾಗಿ ತಗುಲಿದಾಗ ಕುರಿಗಳು ದಿಢೀರನೆ ಸಾಯುವುದು ಈ ನಡುವಿನ ಅವಧಿಯಲ್ಲೇ. ಗದ್ದದಡಿಯ ಬಾವು ಬರಲೆಂದು ಕಾದರೆ ತಡವಾಯಿತೆಂದೇ ಅರ್ಥ.

ಮೊದಲು ರಕ್ತ ನೋಡಿ. ಹುಳುವಿನ ವಿರುದ್ಧ ಕುರಿಯ ದೇಹ ತಯಾರಿಸುವ ಪ್ರತಿಕಾಯ ಎಲೈಸಾ ಎಂಬ ಪ್ರಯೋಗಾಲಯ ಪರೀಕ್ಷೆಯಲ್ಲಿ, ಹುಳು ತಗುಲಿದ 2–4 ವಾರದಲ್ಲೇ ಕಾಣುತ್ತದೆ. ಆದರೆ ಚಿಕಿತ್ಸೆಯಾದ ಮೇಲೂ ಅದು ತಿಂಗಳುಗಟ್ಟಲೆ ಉಳಿಯುವುದರಿಂದ ಹಳೆಯ ಕುರಿಗಳ ಫಲಿತಾಂಶ ದಾರಿ ತಪ್ಪಿಸುತ್ತದೆ. ಮೊದಲ ಬಾರಿ ಮೇವಿಗೆ ಹೋದ, ಹಾಲು ಬಿಟ್ಟ ಮರಿಗಳನ್ನು ಆರಿಸಿ. ತೀರಾ ಎಳೆಯವು ಬೇಡ, ಗಿಣ್ಣುಹಾಲಿನಿಂದ ಬಂದ ಪ್ರತಿಕಾಯ ಅವುಗಳಲ್ಲಿರುತ್ತದೆ. ಸುಮಾರು 10 ಮರಿಗಳ ರಕ್ತವನ್ನು ಹೆಪ್ಪುರೋಧಕವಿಲ್ಲದ ಕೊಳವೆಗೆ ತೆಗೆಯಿರಿ. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವದಲ್ಲೇ (ಸೀರಮ್) ಜಿಎಲ್‌ಡಿಎಚ್, ಜಿಜಿಟಿ ಎಂಬ ಯಕೃತ್ತಿನ ಕಿಣ್ವಗಳನ್ನೂ ಅಳೆಸಿ. ಯಕೃತ್ತಿನ ಜೀವಕೋಶ ಒಡೆದಾಗ ಜಿಎಲ್‌ಡಿಎಚ್ ಮೊದಲು ಏರುತ್ತದೆ. ಪಿತ್ತನಾಳ ಕೆಟ್ಟ ಮೇಲೆ ಜಿಜಿಟಿ. ಬೇರೆ ಯಕೃತ್ ರೋಗಗಳಲ್ಲೂ ಇವು ಏರುವುದರಿಂದ ಕಿಣ್ವವೊಂದನ್ನೇ ನಂಬಬೇಡಿ.

ಹಿಕ್ಕೆಯಲ್ಲಿ ಹುಳುವಿನ ಪ್ರತಿಜನಕ (ಹುಳು ಹೊರಬಿಡುವ ಪ್ರೋಟೀನು) ಹುಡುಕುವ ಎಲೈಸಾ 6–9 ವಾರಕ್ಕೆ ಫಲ ಕೊಡುತ್ತದೆ. ಹಿಕ್ಕೆಯನ್ನು ನೆಲದಿಂದ ಆರಿಸದೆ ಗುದದಿಂದಲೇ ತೆಗೆಯಿರಿ.

ಮಂದೆಯಲ್ಲಿ ಒಂದು ಕುರಿ ಸತ್ತಿದ್ದರೆ ಅದಕ್ಕಿಂತ ಖಚಿತ ಸಾಕ್ಷಿ ಬೇರಿಲ್ಲ. ಹೂಳುವ ಮೊದಲು ಶವಪರೀಕ್ಷೆ ಮಾಡಿಸಲೇಬೇಕು. ಹೊಟ್ಟೆಯಲ್ಲಿ ರಕ್ತಮಿಶ್ರಿತ ನೀರು, ಊದಿದ ಯಕೃತ್ತಿನ ಮೇಲೆ ರಕ್ತಗೆಂಪು ಕೊರೆದ ದಾರಿಗಳು ಕಾಣುತ್ತವೆ. ಯಕೃತ್ತನ್ನು 1 ಸೆಂ.ಮೀ. ಹೋಳು ಮಾಡಿ ಬೆಚ್ಚಗಿನ ನೀರಿನಲ್ಲಿ ಹಿಂಡಿ, ತಳದಲ್ಲಿ ಕೆಲವೇ ಮಿ.ಮೀ. ಉದ್ದದ ಮರಿಹುಳುಗಳನ್ನು ಹುಡುಕಿ. ಜಠರವನ್ನೂ ಸೀಳಿ ನೋಡಿ: ರಕ್ತಹೀನತೆಯಿಂದ ಕಣ್ಣಿನ ಒಳಪೊರೆ ಬಿಳಿಚಲು ಜಠರದಲ್ಲಿ ರಕ್ತ ಹೀರುವ ಹೀಮಾಂಕಸ್ ಹುಳುವೂ ಕಾರಣವಾಗಬಹುದು.

ಮೊಟ್ಟೆ ಪರೀಕ್ಷೆ ಬಲಿತ ಹುಳುವಿಗೆ ಮಾತ್ರ. ಉಪ್ಪುನೀರಿನಲ್ಲಿ ತೇಲಿಸುವ ವಿಧಾನ ಇಲ್ಲಿ ನಡೆಯದು, ಭಾರದ ಮೊಟ್ಟೆ ತಳಕ್ಕಿಳಿಯುತ್ತದೆ. 5 ಗ್ರಾಂ ಹಿಕ್ಕೆ ನೀರಿನಲ್ಲಿ ಕಲಸಿ, ಜರಡಿ ಹಿಡಿದು, 3–4 ನಿಮಿಷ ತಳಗಟ್ಟಿಸಿ, ಮೇಲಿನ ನೀರು ಚೆಲ್ಲಿ. ನೀರು ತಿಳಿಯಾಗುವವರೆಗೆ ಹೀಗೇ ಮಾಡಿ ಒಂದು ಹನಿ ಮಿಥಿಲೀನ್ ಬ್ಲೂ ಹಾಕಿ. ಸೂಕ್ಷ್ಮದರ್ಶಕದಲ್ಲಿ ಹೊನ್ನಿನ ಬಣ್ಣದ್ದು ಯಕೃತ್ತಿನ ಹುಳುವಿನ ಮೊಟ್ಟೆ, ಬಣ್ಣವಿಲ್ಲದ್ದು ರುಮೆನ್ ಫ್ಲೂಕಿನದು (ಮೊದಲ ಹೊಟ್ಟೆಯ ಚಪ್ಪಟೆ ಹುಳು).

ಎಳೆಯ ಹುಳು ಖಚಿತವಾದರೆ ಆಲ್ಬೆಂಡಜೋಲ್ ಉಪಯೋಗಕ್ಕೆ ಬಾರದು, ಅದು ಬಲಿತದ್ದನ್ನಷ್ಟೇ ಕೊಲ್ಲುತ್ತದೆ. ಟ್ರೈಕ್ಲಾಬೆಂಡಜೋಲ್ ಎಳೆಯದಕ್ಕೂ ತಾಕುತ್ತದೆ; ಪ್ರಮಾಣವನ್ನು ಪಶುವೈದ್ಯರು ತೂಕ ನೋಡಿ ಹೇಳಲಿ. ಅದಕ್ಕೂ ಬಗ್ಗದ ಹುಳುಗಳಿವೆ, ಹಾಗಾಗಿ ಔಷಧಿ ಕೊಟ್ಟ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ.