ಮಾತ್ರೆ ಚೀಟಿಯಲ್ಲೇ ನಡಿಗೆಯನ್ನೂ ಬರೆದುಕೊಡಿ

ರೋಗಿ ಎದ್ದು ಬಾಗಿಲ ಹತ್ತಿರ ಹೋಗಿರುತ್ತಾರೆ, ಆಗ ನಮಗೆ ನೆನಪಾಗುತ್ತದೆ: 'ಸ್ವಲ್ಪ ವಾಕಿಂಗ್ ಮಾಡಿ, ಆಯ್ತಾ?' ಅವರು ತಲೆಯಾಡಿಸುತ್ತಾರೆ. ಮುಂದಿನ ಸಲ ಬಂದಾಗ ತೂಕವೂ ಅಷ್ಟೇ, ಶುಗರೂ ಅಷ್ಟೇ. ಬಿಪಿ ಮಾತ್ರೆಯನ್ನು ನಾವು ಹೀಗೆ ಕೊಡುವುದಿಲ್ಲ ಅಲ್ವಾ? ಎಷ್ಟು, ಯಾವ ಹೊತ್ತಿಗೆ, ಎಷ್ಟು ದಿನ ಅಂತ ಬರೆದುಕೊಡುತ್ತೇವೆ. ಫ್ಯಾಮಿಲಿ ಡಾಕ್ಟರುಗಳೇ, ನಡಿಗೆಯನ್ನೂ ಹಾಗೇ ಕೊಡಿ. ನಿಮ್ಮ ಮಾತಿಗೆ ಮನೆಯವರ ಮಾತಿಗಿಂತ ಜಾಸ್ತಿ ಬೆಲೆ ಇದೆ.

ಮೊದಲು ಕೇಳಿ. ಎರಡೇ ಪ್ರಶ್ನೆ ಸಾಕು. ವಾರದಲ್ಲಿ ಎಷ್ಟು ದಿನ ಬಿರುಸಾಗಿ ನಡೆಯುತ್ತೀರಿ, ಅಥವಾ ಅಷ್ಟೇ ದಣಿಸುವ ಕೆಲಸ ಮಾಡುತ್ತೀರಿ? ಆ ದಿನಗಳಲ್ಲಿ ಎಷ್ಟು ನಿಮಿಷ? ಎರಡನ್ನೂ ಗುಣಿಸಿ, ಬಂದದ್ದನ್ನು ಬಿಪಿ, ತೂಕದ ಪಕ್ಕದಲ್ಲೇ ಬರೆದಿಡಿ. 3 ದಿನ, 20 ನಿಮಿಷ ಅಂದರೆ 60. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಬೇಕು, ಜೊತೆಗೆ ವಾರಕ್ಕೆ 2 ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಆಗಲೇಬೇಕು ಅನ್ನುವ ಹಳೆಯ ಷರತ್ತನ್ನು ಅದರಲ್ಲಿ ತೆಗೆದುಹಾಕಿದ್ದಾರೆ. ಇದನ್ನು ರೋಗಿಗೆ ತಪ್ಪದೆ ಹೇಳಿ, ಎಷ್ಟೋ ಜನ ಅಲ್ಲೇ ಹಗುರಾಗುತ್ತಾರೆ.

ಸೊನ್ನೆಯಲ್ಲಿ ಇರುವವರಿಗೆ ಮಾತ್ರ 150ರ ಗುರಿ ತೋರಿಸಬೇಡಿ. ಏನೂ ಮಾಡದವರು ಸ್ವಲ್ಪ ಶುರು ಮಾಡಿದರೂ ಒಳ್ಳೆಯ ಲಾಭ ಇದೆ.

ಚೀಟಿ ಬರೆಯುವ ಮುಂಚೆ ಒಂದೆರಡು ವಿಷಯ ನೋಡಿಕೊಳ್ಳಿ. ನಡೆದಾಗ ಎದೆ ನೋವು ಬರುತ್ತಾ, ತಲೆ ಸುತ್ತಿ ಬಿದ್ದದ್ದು ಉಂಟಾ, ಸ್ವಲ್ಪಕ್ಕೇ ಉಸಿರು ಕಟ್ಟುತ್ತಾ? ಹಾಗಿದ್ದರೆ ಮೊದಲು ಅದರ ಪರೀಕ್ಷೆ ಆಗಲಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಶುಗರ್ ಇಳಿದರೆ ಏನು ಮಾಡಬೇಕು ಅಂತ ಹೇಳಿಕೊಡಿ. ಶುಗರ್ ಇರುವವರ ಚಪ್ಪಲಿ ಬಿಚ್ಚಿಸಿ, ಅಂಗಾಲು, ಬೆರಳುಗಳ ಸಂದು ನೋಡಿ. ಸ್ಪರ್ಶ ಗೊತ್ತಾಗದ ಕಾಲಿನಲ್ಲಿ ಸಣ್ಣ ಗುಳ್ಳೆ ಎದ್ದರೂ ಅವರಿಗೆ ತಿಳಿಯುವುದಿಲ್ಲ.

ಆಮೇಲೆ ಅವರ ಅಳುಕನ್ನು ಕೇಳಿಸಿಕೊಳ್ಳಿ. ನನಗೆ ಜಾಸ್ತಿ ಸಿಗುವ ಮಾತು ಇದು: 'ಮೊಣಕಾಲು ನೋವು ಡಾಕ್ಟ್ರೇ, ನಡೆದರೆ ಇನ್ನೂ ಸವೆಯುತ್ತಲ್ವಾ?' ಸುಮ್ನೆ 'ಹಾಗೇನಿಲ್ಲ' ಅಂದರೆ ಯಾರೂ ನಂಬುವುದಿಲ್ಲ. 'ಅಮ್ಮಾ, ಕೈ ಊರದೆ ಕುರ್ಚಿಯಿಂದ ಒಂದು ಸಲ ಏಳಿ ನೋಡೋಣ' ಅನ್ನಿ. ಎದ್ದರೆ, ನಿಧಾನಕ್ಕೆ ಮತ್ತೆ ಕೂರಲಿ. ಇನ್ನೊಂದು ಸಲ. ತೊಡೆಯ ಮೇಲೆ ಕೈ ಇಡಿಸಿ, ಅಲ್ಲಿ ಬಿಗಿಯುವ ಸ್ನಾಯುವೇ ಮಂಡಿಗೆ ಆಸರೆ, ಅದು ಗಟ್ಟಿಯಾದಷ್ಟೂ ಮಂಡಿಯ ಮೇಲಿನ ಭಾರ ತಾಳಿಕೊಳ್ಳುತ್ತದೆ, ನೋವೂ ತಗ್ಗುತ್ತದೆ ಅಂತ ಹೇಳಿ. ಅವರ ಕೈಗೇ ಗೊತ್ತಾದದ್ದು ಮರೆಯುವುದಿಲ್ಲ.

ಈಗ ಬರೆಯಿರಿ. ನ್ಯೂಜಿಲೆಂಡಿನ ಫ್ಯಾಮಿಲಿ ಡಾಕ್ಟರುಗಳು 1990ರ ದಶಕದಿಂದಲೇ 'ಹಸಿರು ಚೀಟಿ' ಅಂತ ವ್ಯಾಯಾಮವನ್ನು ಬರೆದುಕೊಡುತ್ತಿದ್ದಾರೆ. ಬರೀ ಬಾಯಿಮಾತಿಗಿಂತ ಬರೆದುಕೊಟ್ಟಾಗ ಜಾಸ್ತಿ ಜನ ಮಾಡಿದರು ಅಂತ 1998ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದಲ್ಲಿ ಕಂಡುಬಂತು. ನಾನು ಬರೆಯುವುದು ಹೀಗೆ:

ಊಟ ಆದ ಮೇಲೆ 10 ನಿಮಿಷ ನಡಿಗೆ, ವಾರಕ್ಕೆ 5 ದಿನ.
ಕುರ್ಚಿಯಿಂದ ಏಳುವುದು, ಕೂರುವುದು 8 ಸಲ, ವಾರಕ್ಕೆ 2 ದಿನ.
4 ವಾರ ಬಿಟ್ಟು ಬನ್ನಿ.

ಎಷ್ಟು ಬಿರುಸು ಅಂತ ಕೇಳಿದರೆ, ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು. ಯಾರ ಜೊತೆ, ಎಲ್ಲಿ ನಡೆಯುತ್ತೀರಿ ಅಂತ ಅವರ ಬಾಯಿಂದಲೇ ಹೇಳಿಸಿ, ಅದನ್ನೂ ಸೇರಿಸಿ.

4 ವಾರದ ನಂತರ ಬಂದಾಗ ಬಿಪಿ ಪಟ್ಟಿ ಸುತ್ತುವ ಮುಂಚೆಯೇ ಆ ಎರಡು ಪ್ರಶ್ನೆ ಮತ್ತೆ ಕೇಳಿ. ಕೇಳದಿದ್ದರೆ ಡಾಕ್ಟರೇ ಮರೆತರು ಅಂತ ಅವರೂ ಬಿಟ್ಟುಬಿಡುತ್ತಾರೆ. ಮಾಡಿದ್ದರೆ 5 ನಿಮಿಷ ಏರಿಸಿ. ಮಾಡಿಲ್ಲವಾ, ಬೈಯಬೇಡಿ, ಎಲ್ಲಿ ಸಿಕ್ಕಿಕೊಂಡಿತು ಕೇಳಿ. 10 ನಿಮಿಷ ಕಷ್ಟ ಆಯಿತು ಅಂದರೆ 5 ಅಂತ ಬರೆದು, ಹೊಸ ತಾರೀಖು ಹಾಕಿ ಕೊಡಿ.