ವಿಜಯಪುರದ ಬೇಸಿಗೆಯಲ್ಲಿ ಅಣಬೆ ಕೋಣೆಯ ತೇವಾಂಶ ಉಳಿಸಿಕೊಂಡ ಬಗೆ

ಚಿಪ್ಪು ಅಣಬೆ ಮೂಡುವ ಹಂತದಲ್ಲಿ ಕೋಣೆಯ ಸಾಪೇಕ್ಷ ತೇವಾಂಶ (ಆ ತಾಪಮಾನದಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಎಷ್ಟು ಪಾಲು ಇದೆ ಎಂಬ ಅಳತೆ) ಶೇ 80ರಿಂದ 90ರಷ್ಟಿರಬೇಕು. ವಿಜಯಪುರದ ಹೊರವಲಯದಲ್ಲಿರುವ ನಮ್ಮ ಕೋಣೆಯಲ್ಲಿ ಮಾರ್ಚ್ ಕಳೆಯುತ್ತಿದ್ದಂತೆ ಅದು ಶೇ 50ಕ್ಕಿಂತ ಕೆಳಗಿಳಿಯುತ್ತಿತ್ತು. ಜೋಳದ ಕಣಿಕೆ ತುಂಬಿದ ಚೀಲಗಳ ರಂಧ್ರಗಳಲ್ಲಿ ಗುಂಡುಸೂಜಿಯ ತಲೆಯಷ್ಟು ಮೂಡಿದ ಮೊಗ್ಗುಗಳು ಹಳದಿಯಾಗಿ ಅಲ್ಲಿಯೇ ಒಣಗುತ್ತಿದ್ದವು.

ಮೊದಲು ತೇವಾಂಶ ಮಾಪಕವನ್ನೇ ಪರೀಕ್ಷಿಸಿದೆ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ತುಸು ನೀರು ಬೆರೆಸಿ, ಮಾಪಕದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟರೆ ಅದು ಶೇ 75ರ ಆಸುಪಾಸು ತೋರಿಸಬೇಕು. ನಮ್ಮದು ಸರಿಯಾಗಿಯೇ ಇತ್ತು. ತೇವ ಹೋಗುತ್ತಿದ್ದುದು ಎಕ್ಸಾಸ್ಟ್ ಫ್ಯಾನಿನಿಂದ: ಅದು ಒಳಗಿನ ಗಾಳಿಯನ್ನು ಹೊರದೂಡಿದಷ್ಟೂ ಬಾಗಿಲ ಸಂದಿಯಿಂದ ಬಿಸಿಲಿನ ಒಣಗಾಳಿ ನುಗ್ಗುತ್ತಿತ್ತು. ಫ್ಯಾನನ್ನು ನಿಲ್ಲಿಸುವಂತೆಯೂ ಇರಲಿಲ್ಲ, ಏಕೆಂದರೆ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಅಣಬೆಯ ಕಾಂಡ ಉದ್ದವಾಗಿ, ಟೋಪಿ ಚಿಕ್ಕದಾಗಿಯೇ ಉಳಿಯುತ್ತದೆ.

ಆದ್ದರಿಂದ ಸಂದಿಗಳನ್ನೆಲ್ಲ ಮುಚ್ಚಿ, ಫ್ಯಾನಿನ ಎದುರು ಗೋಡೆಯ ಕಿಟಕಿಗೆ ಏರ್ ಕೂಲರಿನ ಹುಲ್ಲಿನ ಪ್ಯಾಡ್ ಕೂರಿಸಿ, ಅದರ ಮೇಲೆ ಸಣ್ಣ ಪಂಪಿನಿಂದ ನೀರು ಇಳಿಯುವಂತೆ ಮಾಡಿದೆ. ಒಳಬರುವ ಗಾಳಿಯೆಲ್ಲ ಅದನ್ನು ದಾಟಿಯೇ ಬರುವುದರಿಂದ ತಂಪೂ ಆಗುತ್ತದೆ, ತೇವವೂ ಆಗುತ್ತದೆ. ತಾಪಮಾನ ಇಳಿದರೆ ಅಷ್ಟೇ ನೀರಾವಿಗೆ ಸಾಪೇಕ್ಷ ತೇವಾಂಶ ಏರುತ್ತದೆಂಬುದು ಇಲ್ಲಿಯ ದೊಡ್ಡ ಲಾಭ. ನೆಲಕ್ಕೆ ಮರಳು ಹರಡಿ ನೀರು ಚಿಮುಕಿಸಿದ್ದೂ ನೆರವಾಯಿತು. ನೀರನ್ನು ಮಂಜಿನಂತೆ ಸಿಂಪಡಿಸುವ ಫಾಗರ್ ಮಾತ್ರ ನಮ್ಮ ಬೋರ್‌ವೆಲ್ ನೀರಿಗೆ ಒಗ್ಗಲಿಲ್ಲ. ನಳಿಕೆಯ ಬಾಯಿಗೆ ಬಿಳಿ ಪದರು ಕಟ್ಟಿ ಹನಿಯೇ ನಿಲ್ಲುತ್ತಿದ್ದುದರಿಂದ ಅದಕ್ಕೆ ಈಗ ಶುದ್ಧೀಕರಿಸಿದ ನೀರನ್ನೇ ಹಾಕುತ್ತೇನೆ. ಅದೇ ಪದರು ಪ್ಯಾಡಿಗೂ ಕಟ್ಟುತ್ತದೆ, ಹಾಗಾಗಿ ಪಂಪಿನ ತೊಟ್ಟಿಯ ನೀರನ್ನು ಆಗಾಗ ಪೂರ್ತಿ ಚೆಲ್ಲಿ ಹೊಸದು ತುಂಬಬೇಕು.