‘ನಿಧಾನ’ ಅಂದವರ ಜೊತೆ ಒಂದು ಕ್ರೈಮ್ ಸರಣಿ ನೋಡಿದ ಅನುಭವ

ಮೊದಲ ಕಂತು ಮುಗಿಯಿತು. ದೀಪ ಹಾಕಿ “ಹೇಗಿತ್ತು?” ಅಂತ ಕೇಳಿದೆ. “ಚೆನ್ನಾಗಿತ್ತು” ಅಂದರು ಒಬ್ಬರು. “ಸ್ವಲ್ಪ ನಿಧಾನ” ಅಂದರು ಇನ್ನೊಬ್ಬರು. ಉಳಿದವರು ತಲೆಯಾಡಿಸಿ ಕೋಟು ಹಾಕಿಕೊಂಡರು. ನನ್ನ ನೋಟ್‌ಬುಕ್ಕಿನಲ್ಲಿ ಆ ಸಂಜೆ ದಾಖಲಾದದ್ದು ಈ ಎರಡು ಮಾತು ಮಾತ್ರ. ಒಂದೂವರೆ ಗಂಟೆ ಕಣ್ಣು ಕೀಳದೆ ಕೂತ ಹತ್ತು ಜನರ ಒಳಗೆ ಇಷ್ಟೇ ನಡೆದಿರಲು ಸಾಧ್ಯವಿಲ್ಲ. ಅವರು ಕೂತ ರೀತಿ ನಾನು ನೋಡಿದ್ದೆ. ಹಾಗಾಗಿ ಕೊರತೆ ಅವರದಲ್ಲ, ನನ್ನ ಪ್ರಶ್ನೆಯದು.

ಆಗ ನಾನು ಓದಲೆಂದು ಬ್ರಿಟನ್ನಿನ ವೇಲ್ಸ್‌ನ ಪಶ್ಚಿಮ ಕರಾವಳಿಯ ಅಬೆರಿಸ್ಟ್‌ವಿತ್‌ನಲ್ಲಿದ್ದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ, ನಡುವೆ ಊರು. ಅಲ್ಲಿನ ವೆಲ್ಷ್ ಭಾಷೆಯ ‘ಅ ಗುಯ್ಲ್’ ಸರಣಿ ತಯಾರಾದದ್ದು ಇದೇ ಊರಿನಲ್ಲಿ, ಸುತ್ತಲಿನ ಕೆರೆಡಿಗಿಯನ್ ಪ್ರದೇಶದಲ್ಲಿ. ಆ ಹೆಸರಿನ ಅರ್ಥ ಮುಸ್ಸಂಜೆ. ಇಂಗ್ಲಿಷ್ ಆವೃತ್ತಿಯ ಹೆಸರು ‘ಹಿಂಟರ್‌ಲ್ಯಾಂಡ್’. 2013ರ ಅಕ್ಟೋಬರ್ ಕೊನೆಯಲ್ಲಿ ವೆಲ್ಷ್ ವಾಹಿನಿ ಎಸ್‌ಫೋರ್‌ಸಿಯಲ್ಲಿ ಮೊದಲು ಬಂತು. 2014ರ ಜನವರಿಯಲ್ಲಿ ಬಿಬಿಸಿ ವೇಲ್ಸ್‌ನಲ್ಲಿ ಇಂಗ್ಲಿಷ್ ಆವೃತ್ತಿ ಬಂತು, ಅದರಲ್ಲೂ ಅಲ್ಲಲ್ಲಿ ವೆಲ್ಷ್ ಮಾತಿತ್ತು. ಅದೇ ಜನವರಿಯ ಆರಂಭದಲ್ಲಿ ಬಿರುಗಾಳಿಯ ಅಲೆಗಳು ಅಬೆರಿಸ್ಟ್‌ವಿತ್‌ನ ಕಡಲ ದಂಡೆಯ ರಸ್ತೆಯನ್ನು ಒಡೆದು ಹಾಕಿದ್ದವು. ಊರಿನ ಹಳಬರಿಗೆ ಈ ಎರಡು ನೆನಪು ಒಟ್ಟಿಗೇ ಬರುತ್ತವೆ. ಸರಣಿಯ ಮಾತು ತೆಗೆದರೆ ಸಾಕು, ಆ ಅಲೆಗಳ ಮಾತೂ ಬರುತ್ತದೆ.

ಈ ಸರಣಿಯನ್ನು ಊರಲ್ಲಿರುವವರ ಜೊತೆ ಕೂತು ನೋಡಬೇಕು, ಅವರಿಗೆ ಏನಾಗುತ್ತದೆ ಅಂತ ಬರೆದಿಟ್ಟುಕೊಳ್ಳಬೇಕು ಅನ್ನುವ ಆಸೆ ನನ್ನದು. ಹತ್ತು ಜನ ಸೇರಿದರು. ವೆಲ್ಷ್ ಮನೆಮಾತಿನವರು ನಾಲ್ವರು, ಇಂಗ್ಲೆಂಡಿನಿಂದ ಬಂದು ನೆಲೆಸಿದವರು ಮೂವರು, ನನ್ನ ಹಾಗೆ ಹೊರದೇಶದಿಂದ ಓದಲು ಬಂದವರು ಮೂವರು. ನಾನು ಬರೆದುಕೊಳ್ಳುತ್ತೇನೆ ಅಂತ ಮೊದಲೇ ಹೇಳಿ ಒಪ್ಪಿಗೆ ಪಡೆದಿದ್ದೆ. ಯಾರ ಹೆಸರನ್ನೂ ಎಲ್ಲೂ ಬರೆಯುವುದಿಲ್ಲ ಅಂತಲೂ ಮಾತು ಕೊಟ್ಟಿದ್ದೆ.

ಎರಡನೇ ಸಂಜೆಗೆ ಎರಡು ಬದಲಾವಣೆ ಮಾಡಿದೆ. ಒಂದು, ನಾನು ಕೂರುವ ಜಾಗ. ಮೊದಲು ಎಲ್ಲರ ಹಿಂದೆ ಕೂತಿದ್ದೆ, ಅಲ್ಲಿಂದ ಕಾಣುವುದು ಬರೀ ತಲೆಗಳು. ಈ ಸಲ ಪಕ್ಕದ ಗೋಡೆಗೆ ಒರಗಿ ಕೂತೆ. ಮುಖಗಳು ಅರ್ಧವಾದರೂ ಕಂಡವು. ಯಾರು ಯಾವ ನಿಮಿಷದಲ್ಲಿ ಮುಂದಕ್ಕೆ ಬಾಗಿದರು, ಯಾರು ಪಕ್ಕದವರ ಕಡೆ ತಿರುಗಿದರು, ಕುರ್ಚಿ ಯಾವಾಗ ಕಿರ್ ಅಂತು, ಇಷ್ಟೇ ಬರೆದುಕೊಂಡೆ. ನೋಡುತ್ತಾ ನೋಡುತ್ತಾ ಅನಿಸಿದ್ದನ್ನು ಹೇಳಿ ಅಂತ ಕೇಳುವ ಪದ್ಧತಿಯೂ ಇದೆ. ಅದು ಇಲ್ಲಿ ನಡೆಯಲ್ಲ. ಅರ್ಧ ಜನ ಸಬ್‌ಟೈಟಲ್ ಓದುತ್ತಿರುತ್ತಾರೆ, ಮಾತಾಡಿದರೆ ಸಾಲು ತಪ್ಪುತ್ತದೆ. ಅದಕ್ಕಿಂತ ಹೆಚ್ಚಾಗಿ, ಇದು ಮೌನದ ಮೇಲೆ ನಿಂತ ಸರಣಿ. ಮೌನದ ಮೇಲೆ ಮಾತು ಹಾಕಿದರೆ ನೋಡುಗರಿಗೆ ಉಳಿಯುವುದೇನು?

ಎರಡನೆಯದು ಪ್ರಶ್ನೆ. “ಹೇಗಿತ್ತು” ಬಿಟ್ಟೆ. “ಇದನ್ನು ನೋಡದ ಒಬ್ಬರಿಗೆ ನೀವು ಕಥೆ ಹೇಳಬೇಕು. ಎಲ್ಲಿಂದ ಶುರು ಮಾಡ್ತೀರಿ?” ಅಂತ ಕೇಳಿದೆ. ಈ ಕೆಲಸದಲ್ಲಿ ನಾನು ಕಂಡುಕೊಂಡ ಅತ್ಯುತ್ತಮ ಪ್ರಶ್ನೆ ಇದು. ಹೇಗಿತ್ತು ಅಂದರೆ ಜನ ತೀರ್ಪು ಕೊಡುತ್ತಾರೆ. ಎದುರಿಗೆ ಕೂತ ಹುಡುಗ ದೂರದಿಂದ ಬಂದವನು, ಬೇಜಾರಾಗದಿರಲಿ ಅಂತ ಒಳ್ಳೆಯ ತೀರ್ಪನ್ನೇ ಕೊಡುತ್ತಾರೆ. ಕಥೆ ಹೇಳಿ ಅಂದಾಗ ತೀರ್ಪು ಮರೆತು, ತಮಗೆ ತಟ್ಟಿದ ಕಡೆಯಿಂದ ಶುರು ಮಾಡುತ್ತಾರೆ.

ಮೊದಲ ಕಂತಿನ ಆರಂಭ ಹೀಗಿದೆ. ಒಂದು ಮನೆ, ರಕ್ತದಲ್ಲಿ ತೊಯ್ದ ಬಚ್ಚಲು, ಶವ ಇಲ್ಲ. ಲಂಡನ್ ಬಿಟ್ಟು ಬಂದ ಪತ್ತೇದಾರ ಟಾಮ್ ಮಥಾಯಸ್ ತನಿಖೆ ಹಿಡಿಯುತ್ತಾನೆ. ಆ ಪಾತ್ರ ಮಾಡಿದವರು ರಿಚರ್ಡ್ ಹ್ಯಾರಿಂಗ್‌ಟನ್, ಜೊತೆಗಾರ್ತಿ ಮಾರೆಡ್ ರೀಸ್ ಪಾತ್ರದಲ್ಲಿ ಮಾಲಿ ಹ್ಯಾರಿಸ್. ದಾರಿ ಡೆವಿಲ್ಸ್ ಬ್ರಿಜ್ ಅನ್ನುವ ಹತ್ತಿರದ ಹಳ್ಳಿಯ ಕಡೆ ತಿರುಗುತ್ತದೆ. ಮುಂದಿನದನ್ನು ಹೇಳಿ ನಿಮ್ಮ ಕುತೂಹಲ ಹಾಳು ಮಾಡುವುದಿಲ್ಲ.

ಹೊರದೇಶದ ಮೂವರೂ ಬಚ್ಚಲಿನ ರಕ್ತದಿಂದ ಕಥೆ ಶುರು ಮಾಡಿದರು. ಇಂಗ್ಲೆಂಡಿನ ಮೂವರಲ್ಲಿ ಇಬ್ಬರು ಮಥಾಯಸ್‌ನಿಂದ, ಅವನು ಒಬ್ಬನೇ ಇರುವ ಕ್ಯಾರವಾನಿನಿಂದ ಶುರು ಮಾಡಿದರು. ವೆಲ್ಷ್ ಮನೆಮಾತಿನ ನಾಲ್ವರೂ ಜಾಗದಿಂದ ಶುರು ಮಾಡಿದರು. “ಡೆವಿಲ್ಸ್ ಬ್ರಿಜ್‌ನಲ್ಲಿ ಒಂದು ಹಳೇ ಮನೆ ಇದೆ ಅಂದುಕೋ” ಅಂತ ಒಬ್ಬರು. “ನಮ್ಮ ಊರಿಂದ ಕಾರು ಗುಡ್ಡ ಹತ್ತುತ್ತೆ” ಅಂತ ಇನ್ನೊಬ್ಬರು. ಕೊಲೆ ಬಂದದ್ದು ನಾಲ್ಕನೆಯ, ಐದನೆಯ ವಾಕ್ಯದಲ್ಲಿ.

ಆ ಜಾಗ ಅವರಿಗೆ ಹೊಸದಲ್ಲ. ಅಬೆರಿಸ್ಟ್‌ವಿತ್‌ನಿಂದ ಸುಮಾರು 19 ಕಿಲೋಮೀಟರ್, 1902ರಿಂದ ಪುಟ್ಟ ರೈಲು ಅಲ್ಲಿಗೆ ಹೋಗುತ್ತದೆ. ಆಳವಾದ ಕಮರಿಯ ಮೇಲೆ ಮೂರು ಸೇತುವೆಗಳು, ಒಂದರ ಮೇಲೊಂದು. ಕೆಳಗಿನದು ಮಧ್ಯಯುಗದ್ದು, ನಡುವಿನದು 1753ರದು, ಮೇಲಿನದು 1901ರ ಕಬ್ಬಿಣದ್ದು. ಕೆಳಗಿನ ಸೇತುವೆಯನ್ನು ಒಬ್ಬ ಮುದುಕಿಗೆ ಸೈತಾನನೇ ಕಟ್ಟಿಕೊಟ್ಟ ಅಂತ ಕಥೆ. ಮೊದಲು ದಾಟುವ ಜೀವ ತನ್ನದು ಅನ್ನುವುದು ಅವನ ಷರತ್ತು. ಮುದುಕಿ ರೊಟ್ಟಿ ಚೂರನ್ನು ಆಚೆಗೆ ಎಸೆದಳು, ನಾಯಿ ಓಡಿ ದಾಟಿತು, ಅವಳು ಉಳಿದಳು. ಅಲ್ಲಿನ ಮಕ್ಕಳು ಕೇಳುತ್ತಾ ಬೆಳೆಯುವ ಕಥೆ ಇದು. ಪರದೆಯ ಮೇಲೆ ಆ ಕಮರಿ ಬಂದಾಗ ನಾವು ಹೊರದೇಶದವರು ನೋಡಿದ್ದು ಭಯದ ಜಾಗವನ್ನು. ಅವರು ನೋಡಿದ್ದು ಚಿಕ್ಕಂದಿನ ಪ್ರವಾಸದ ಜಾಗವನ್ನು, ಅಲ್ಲಿಗೆ ಭಯ ಬಂದು ಸೇರುವುದನ್ನು. ಇವು ಎರಡು ಬೇರೆ ಅನುಭವ ಅಲ್ವಾ? ನನ್ನ ಟಿಪ್ಪಣಿಯಲ್ಲಿ ಅದೇ ನಿಮಿಷಕ್ಕೆ ಅವರು ನಾಲ್ವರು ಪಕ್ಕಕ್ಕೆ ತಿರುಗಿ ಪಿಸುಗುಟ್ಟಿದ್ದು ಇದೆ. ಹೊರದೇಶದ ಮೂವರು ಅಲ್ಲಾಡದೆ ಕೂತಿದ್ದರು.

ಜಾಗ ಗೊತ್ತಿರುವವರ ಸಿಟ್ಟೂ ಬೇರೆ ಥರದ್ದು. “ಆ ರಸ್ತೆ ಹಿಡಿದರೆ ಅಲ್ಲಿಗೆ ಹೋಗಲ್ಲ” ಅನ್ನುವ ಮಾತು ಪ್ರತಿ ಸಂಜೆಯೂ ಬಂತು. “ನಮ್ಮಲ್ಲೂ ಬಿಸಿಲು ಬರುತ್ತೆ, ನಾವೂ ನಗ್ತೀವಿ. ಇದರಲ್ಲಿ ಯಾರಾದರೂ ನಗ್ತಾರಾ?” ಅಂತ ಊರಿನ ಒಬ್ಬ ಹಿರಿಯರು ಕೇಳಿದರು. ಅವರಿಗೆ ನಿಜವಾಗಿ ನೋವಾಗಿತ್ತು. ಅವರೇ ಮುಂದುವರಿದು, ಈ ಸರಣಿಯನ್ನು ಡೆನ್ಮಾರ್ಕಿನವರು ಕೊಂಡರು ಅನ್ನುವ ಸುದ್ದಿ ಬಂದ ದಿನ ಎಷ್ಟು ಹೆಮ್ಮೆಯಾಯಿತು ಅಂತಲೂ ಹೇಳಿದರು. ಉತ್ತರ ಯುರೋಪಿನ ಕತ್ತಲೆಯ ಕ್ರೈಮ್ ಸರಣಿಗಳನ್ನು ಬ್ರಿಟನ್ ಸಬ್‌ಟೈಟಲ್ ಹಾಕಿಕೊಂಡು ನೋಡುತ್ತಿದ್ದ ಕಾಲ ಅದು. ಆ ಸರಣಿಗಳನ್ನು ಮಾಡಿದವರೇ ತಮ್ಮ ಭಾಷೆಯ ಸರಣಿಯನ್ನು ಕೊಂಡರಲ್ಲ ಅನ್ನುವ ಸಂತೋಷ. ನೋವು, ಹೆಮ್ಮೆ ಎರಡನ್ನೂ ಒಂದೇ ಸಾಲಿನಲ್ಲಿ ಬರೆದುಕೊಂಡೆ. ಅಂಕ ಕೊಡಿ ಅಂತ ಕೇಳಿದ್ದರೆ ಅವರು ಐದಕ್ಕೆ ಮೂರು ಕೊಟ್ಟು ಸುಮ್ಮನಾಗುತ್ತಿದ್ದರೋ ಏನೋ. ಆ ಮೂರರಲ್ಲಿ ಇವೆರಡೂ ಕಾಣುತ್ತಿರಲಿಲ್ಲ.

‘ನಿಧಾನ’ ಅನ್ನುವ ಮಾತು ನನ್ನನ್ನು ಬಿಡಲಿಲ್ಲ. ಹತ್ತರಲ್ಲಿ ಎಂಟು ಜನ ಒಂದಲ್ಲ ಒಂದು ಸಲ ಅದನ್ನು ಹೇಳಿದ್ದರು. ಮೂರನೇ ಸಂಜೆ ಯಾರು ನಿಧಾನ ಅಂದರೂ “ಯಾವ ಹೊತ್ತಿನಲ್ಲಿ?” ಅಂತ ಮರುಪ್ರಶ್ನೆ ಹಾಕಿದೆ. ಆಗ ಪದ ಬಿಚ್ಚಿಕೊಂಡಿತು. ಒಬ್ಬಳಿಗೆ ನಿಧಾನ ಅಂದರೆ ಸುಳಿವು ತಡವಾಗಿ ಸಿಗುವುದು, ಅವಳಿಗೆ ಅದು ಬೇಸರ. ಇನ್ನೊಬ್ಬರಿಗೆ ನಿಧಾನ ಅಂದರೆ ಪ್ರಶ್ನೆ ಕೇಳಿದ ಮೇಲೆ ಉತ್ತರ ಬರುವ ತನಕ ಕ್ಯಾಮೆರಾ ಮುಖದ ಮೇಲೇ ನಿಲ್ಲುವುದು. “ಅದು ಇಷ್ಟ, ಆದರೆ ತಡೆಯೋಕೆ ಕಷ್ಟ” ಅಂದರು. ಮತ್ತೊಬ್ಬರು ಹೇಳಿದ್ದು ನನ್ನ ಮನಸ್ಸಿಗೆ ನಾಟಿತು. “ಇಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗೋಕೆ ಅಷ್ಟೇ ಹೊತ್ತು ಬೇಕು. ನಿಧಾನ ಅಂದೆ, ತಪ್ಪು ಅನ್ನಲಿಲ್ಲ.” ಅವರ ‘ನಿಧಾನ’ವನ್ನು ಎರಡು ವಾರ ನಾನು ದೂರು ಅಂತ ಬರೆದಿಟ್ಟಿದ್ದೆ. ಆ ರಾತ್ರಿ ಹಳೆಯ ಪುಟಗಳನ್ನೆಲ್ಲ ತಿದ್ದಿದೆ.

ಈಗ ಭಾಷೆಯ ವಿಷಯ. ನಾನು ಹೆಚ್ಚು ದಿನ ತೆಗೆದುಕೊಂಡದ್ದು ಇದಕ್ಕೇ. ಈ ಸರಣಿಯನ್ನು ಡಬ್ ಮಾಡಿಲ್ಲ. ಒಂದು ದೃಶ್ಯವನ್ನು ಒಂದು ಭಾಷೆಯಲ್ಲಿ ಚಿತ್ರೀಕರಿಸಿ, ಅದೇ ನಟರಿಂದ ಇನ್ನೊಂದು ಭಾಷೆಯಲ್ಲಿ ಮತ್ತೆ ಮಾಡಿಸಿದ್ದಾರೆ. ಹಾಗಾಗಿ ಒಂದೇ ದೃಶ್ಯವನ್ನು ಎರಡು ಭಾಷೆಯಲ್ಲಿ ತೋರಿಸಿ ಏನು ಬದಲಾಯಿತು ಅಂತ ಕೇಳಬಹುದಿತ್ತು. ಕೇಳಿದೆ. ಎಲ್ಲರೂ “ವೆಲ್ಷ್‌ನಲ್ಲಿ ಹೆಚ್ಚು ಆಳ ಇದೆ” ಅಂದರು, ವೆಲ್ಷ್ ಬಾರದವರೂ ಕೂಡ. ನನಗೆ ಖುಷಿಯೋ ಖುಷಿ.

ಮರುದಿನ ಅನುಮಾನ ಬಂತು. ನಾನು ಪ್ರತಿ ಸಲವೂ ಇಂಗ್ಲಿಷ್ ಮೊದಲು, ವೆಲ್ಷ್ ಆಮೇಲೆ ತೋರಿಸಿದ್ದೆ. ಎರಡನೇ ಸಲ ನೋಡುವಾಗ ಕಥೆ ಗೊತ್ತಿರುತ್ತದೆ, ಕಣ್ಣು ಮುಖಗಳ ಮೇಲೆ ನಿಲ್ಲುತ್ತದೆ. ಯಾವ ಭಾಷೆಯಾದರೂ ಎರಡನೆಯದು ಆಳವಾಗಿಯೇ ಕಾಣುತ್ತದೆ. ಮುಂದಿನ ಸಲ ಗುಂಪನ್ನು ಎರಡು ಮಾಡಿ, ಐದು ಜನಕ್ಕೆ ವೆಲ್ಷ್ ಮೊದಲು, ಐದು ಜನಕ್ಕೆ ಇಂಗ್ಲಿಷ್ ಮೊದಲು ತೋರಿಸಿದೆ. ಭಾಷೆ ಬಾರದವರಲ್ಲಿ ಆ ‘ಆಳ’ ಬಹುಪಾಲು ಕರಗಿಹೋಯಿತು. ವೆಲ್ಷ್ ಮೊದಲು ನೋಡಿದವರು ಇಂಗ್ಲಿಷೇ ಆಳ ಅಂದರು. ಯಾರಾದರೂ ಹೀಗೆ ಎರಡು ಆವೃತ್ತಿ ತೋರಿಸುವುದಾದರೆ ದಯವಿಟ್ಟು ಮೊದಲ ದಿನವೇ ಸರದಿ ಬದಲಿಸಿ. ನನಗೆ ಮೂರು ಸಂಜೆಯ ಟಿಪ್ಪಣಿ ಪಕ್ಕಕ್ಕಿಡಬೇಕಾಯಿತು.

ಆದರೆ ವೆಲ್ಷ್ ಬಲ್ಲ ನಾಲ್ವರಲ್ಲಿ ಒಂದು ವ್ಯತ್ಯಾಸ ಸರದಿ ಬದಲಿಸಿದರೂ ಉಳಿಯಿತು. ವೆಲ್ಷ್‌ನಲ್ಲಿ ‘ಟಿ’ ಅಂದರೆ ನೀನು, ‘ಖಿ’ ಅಂದರೆ ನೀವು. ಇಂಗ್ಲಿಷಿನಲ್ಲಿ ಎರಡಕ್ಕೂ ‘ಯೂ’ ಒಂದೇ. ಪೊಲೀಸರು ಬಾಗಿಲು ತಟ್ಟಿ ಮಾತು ಶುರು ಮಾಡುವಾಗಲೇ ಅಲ್ಲೊಂದು ತೀರ್ಮಾನ ಆಗಬೇಕು, ಈ ಮನುಷ್ಯನಿಗೆ ನೀನು ಅನ್ನುವುದೋ ನೀವು ಅನ್ನುವುದೋ. ಒಬ್ಬರು ನನಗೆ ಇದನ್ನು ಬಿಡಿಸಿ ಹೇಳಲು ಕಷ್ಟಪಡುತ್ತಿದ್ದರು, ಇಂಗ್ಲಿಷಿನವರಿಗೆ ಹೇಳುವ ಹಾಗೆ. ನಾನು ತಡೆದೆ. ನನ್ನ ಭಾಷೆಯಲ್ಲೂ ಇದೆ, ಒಬ್ಬ ಪೊಲೀಸ್ ಮುದುಕನಿಗೆ ನೀನು ಅಂದರೆ ನಮಗೆ ಮೈ ಉರಿಯುತ್ತದೆ ಅಂದೆ. ಅವರ ಮುಖ ಅರಳಿತು. ಅವತ್ತಿನಿಂದ ಆ ನಾಲ್ವರು ನನ್ನ ಜೊತೆ ಮಾತಾಡುವ ರೀತಿಯೇ ಬೇರೆಯಾಯಿತು.

ಈ ಭಾಷೆಗೆ ತನ್ನದೇ ವಾಹಿನಿ ಸುಮ್ನೆ ಬಂದದ್ದಲ್ಲ ಅಂತ ಅವರಿಂದ ಕೇಳಿದ್ದೂ ಆಮೇಲೆಯೇ. 1963ರ ಫೆಬ್ರವರಿ 2ರಂದು ಭಾಷೆಗಾಗಿ ಯುವಕರು ರಸ್ತೆಗೆ ಅಡ್ಡ ಕೂತ ಟ್ರೆಫೆಖಾನ್ ಸೇತುವೆ ಇದೇ ಊರಿನಲ್ಲಿದೆ. 1980ರಲ್ಲಿ ವೇಲ್ಸ್‌ನ ರಾಜಕೀಯ ನಾಯಕ ಗ್ವಿನ್‌ವೋರ್ ಎವನ್ಸ್ ವಾಹಿನಿಗಾಗಿ ಆಮರಣಾಂತ ಉಪವಾಸ ಕೂರುತ್ತೇನೆ ಅಂದರು, ಸರ್ಕಾರ ಮಣಿಯಿತು, 1982ರ ನವೆಂಬರ್ 1ರಂದು ಎಸ್‌ಫೋರ್‌ಸಿ ಶುರುವಾಯಿತು. 2011ರ ಜನಗಣತಿಯಂತೆ ವೇಲ್ಸ್‌ನಲ್ಲಿ ವೆಲ್ಷ್ ಬಲ್ಲವರು ನೂರಕ್ಕೆ 19, ಕೆರೆಡಿಗಿಯನ್‌ನಲ್ಲಿ ನೂರಕ್ಕೆ 47. ಇದೆಲ್ಲ ಗೊತ್ತಾದ ಮೇಲೆ “ಪೊಲೀಸರು ವೆಲ್ಷ್ ಮಾತಾಡೋದು ನೋಡೋದೇ ಸಾಕು ನನಗೆ, ಕೊಲೆಗಾರ ಯಾರಾದರೂ ಆಗಲಿ” ಅಂದ ಒಬ್ಬರ ಮಾತನ್ನು ಬೇರೆ ಕಿವಿಯಿಂದ ಕೇಳಿದೆ.

ವಾರ ಬಿಟ್ಟು ಪ್ರತಿಯೊಬ್ಬರನ್ನೂ ಮತ್ತೆ ಕೇಳಿದೆ, ಈಗ ಏನು ನೆನಪಿದೆ ಅಂತ. ಕೊಲೆಗಾರನ ಹೆಸರು ಹೇಳಲು ಹಲವರು ತಡವರಿಸಿದರು. ಖಾಲಿ ರಸ್ತೆ, ಕಮರಿ, ಕ್ಯಾರವಾನ್, ಮಥಾಯಸ್‌ನ ಮೌನ ಎಲ್ಲರಿಗೂ ನೆನಪಿತ್ತು. ರಕ್ತದಿಂದ ಕಥೆ ಶುರು ಮಾಡಿದ್ದ ಮೂವರಲ್ಲಿ ಇಬ್ಬರು ಈಗ ಜಾಗದಿಂದ ಶುರು ಮಾಡಿದರು.

ಒಂದು ಲೋಪ ಕೊನೆಯವರೆಗೂ ಉಳಿದಿತ್ತು. ಸರಣಿಯಲ್ಲಿ ಬರುವುದು ಹೆಚ್ಚಾಗಿ ಗುಡ್ಡದ ಮೇಲಿನ ಒಂಟಿ ಮನೆಗಳು, ಕುರಿ ಸಾಕುವವರ ಊರುಗಳು. ನನ್ನ ಹತ್ತು ಜನರಲ್ಲಿ ಕುರಿ ಸಾಕುವವರು ಒಬ್ಬರೂ ಇರಲಿಲ್ಲ. ಕರೆದಿದ್ದೆ, ಬರಲಿಲ್ಲ. ನಾನು ಸಂಜೆಗಳನ್ನು ಇಟ್ಟುಕೊಂಡದ್ದು ಮಾರ್ಚ್, ಏಪ್ರಿಲ್‌ನಲ್ಲಿ. ಕುರಿಗಳು ಮರಿ ಹಾಕುವ ಕಾಲ ಅದು, ರಾತ್ರಿಯೆಲ್ಲ ಕೊಟ್ಟಿಗೆಯಲ್ಲೇ ಇರಬೇಕು. ಯಾರು ಬರಲು ಸಾಧ್ಯ? ಮೇ ತಿಂಗಳಲ್ಲಿ ಒಬ್ಬ ಮಹಿಳೆ ಬಂದರು. ಅವರೊಬ್ಬರಿಗಾಗಿಯೇ ಒಂದು ಕಂತು ಹಾಕಿದೆ. ಗೋಡೆ ಪಕ್ಕದಲ್ಲಿ ಕೂತು ನೋಡಿದೆ, ಅವರು ಒಮ್ಮೆಯೂ ಅಲ್ಲಾಡಲಿಲ್ಲ. ಮುಗಿದ ಮೇಲೆ ನನ್ನ ಪ್ರಶ್ನೆ ಕೇಳಿದೆ, ಇದನ್ನು ಬೇರೆಯವರಿಗೆ ಎಲ್ಲಿಂದ ಹೇಳಲು ಶುರು ಮಾಡ್ತೀರಿ ಅಂತ. ಅವರು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು.

“ಆ ಮನುಷ್ಯ ಸತ್ತು ಹೋದ. ಅವನ ಪ್ರಾಣಿಗಳಿಗೆ ಮಾರನೇ ದಿನ ಬೆಳಿಗ್ಗೆ ಮೇವು ಹಾಕಿದವರು ಯಾರು?” ಅಂದರು. “ಕೊನೆವರೆಗೂ ನನಗೆ ಅದೇ ಯೋಚನೆ.”